ನನ್ನ ಕಂಡ ಕೂಡ್ಲೇ ಚಾಲೂ ಆಗೋ ಪೆಟ್ಟಿಗಿಗಳು

ಬ್ಯಾಟರಿ ಮ್ಯಾಲೆ ನಡಿಯೋ ಸಾಮಾನಿಗೆ ಒಂದು ಕೆಟ್ಟ ಚಟ ಐತ್ರಿ. ಮಾಲಕನ ಕೈಯಾಗ ಸಾಯ್ತೈತಿ, ರಿಪೇರಿಯವನ ಕೈಯಾಗ ಎದ್ದು ಕುಂಡರ್ತೈತಿ. ಬಾಗಲಕೋಟಿ ನವನಗರದಾಗ ನಾ ಅಂಗಡಿ ತಗದಾಗಿಂದ ಇದು ನಡದ ಐತಿ, ಇವತ್ತಿಗೂ ನಿಂತಿಲ್ಲ. "ಸತ್ತ ಹೋಗೇತ್ರಿ ಇದು" ಅಂತ ಬಸ್ ಹತ್ತಿ ಹೊತ್ಕೊಂಡು ಬರ್ತಾರ. ನಾ ಟೇಬಲ್ ಮ್ಯಾಲೆ ಇಟ್ಟು ಗುಂಡಿ ಒತ್ತತೇನಿ. ಪೀಂ ಅಂತ ಒದರಿ ಚಾಲೂ ಆಕ್ಕೈತಿ. "ಏನ್ ಮಾಡಿದ್ರಿ?" ಅಂತ ಕೇಳ್ತಾರ. "ಏನೂ ಮಾಡಿಲ್ರಿ" ಅಂದ್ರ ನಂಬಂಗಿಲ್ಲ. "ಏನೋ ಮಾಡಿದ್ನಿ" ಅಂದ್ರ "ಅದೇನು ಹೇಳಿಬಿಡ್ರಿ, ನಾವ ಮನ್ಯಾಗ ಮಾಡ್ಕೋತೇವಿ" ಅಂತಾರ.

ಮೊದಲ ನಾ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನ್ಯಾಗ ನೌಕರಿಗಿ ಇದ್ನಿ. ಹುಡುಗೂರು ಸುಟ್ಟಿದ್ದನ್ನ ರಿಪೇರಿ ಮಾಡೋದು ನನ್ನ ಕೆಲಸ. ಆಮ್ಯಾಲೆ ಸ್ವಂತ ಸಾಮಾನು ಮಾಡಿ ಮಾರಬೇಕು ಅನ್ನೋ ಹುಚ್ಚು ಹತ್ತಿ ನೌಕರಿ ಬಿಟ್ನಿ. ಹುನಗುಂದದಾಗ ನಮ್ಮಪ್ಪಂದು ಗೊಬ್ಬರ-ಬೀಜದ ಅಂಗಡಿ. ಅವಗ ನಾ ಒಬ್ಬನ ಮಗ. ನೌಕರಿ ಬಿಟ್ಟ ಸುದ್ದಿ ಕೇಳಿ ನಮ್ಮಪ್ಪ ಸಿಟ್ಟ ಆಗಲಿಲ್ಲ. ಅದಕ್ಕ ನನಗ ಭಾಳ ಹೆದರಿಕಿ ಆತು.

"ಲೇ ತಮ್ಮಾ, ಒಂದು ವರ್ಷ ಟೈಮ್ ಕೊಟ್ಟೇನಿ," ಅಂದ. "ನೀ ಮಾಡಿದ ಪೆಟ್ಟಿಗಿ ಮಂದಿ ಒಪ್ಪಿ, ಇನ್ನಷ್ಟು ಮಾಡಿ ಕೊಡು ಅಂದ್ರ ನಿನ್ನ ದಾರಿ ನಿಂದು. ಇಲ್ಲಂದ್ರ ಬಾಯಿ ಮುಚಗೊಂಡು ಬಂದು ಗಲ್ಲಾ ಮ್ಯಾಲೆ ಕುಂಡ್ರಬೇಕು."

ಗಲ್ಲಾ ಅಂದ್ರ ನನಗ ಜೀವಾನ ಬ್ಯಾಡ ಅನಸತೈತಿ. ಆ ಅಂಗಡಿಯೊಳಗ ಕಾಲಿಟ್ಟ ಕೂಡ್ಲೇ ಗೊಬ್ಬರದ ವಾಸನಿಗೆ ಎಂಟು ಸೀನು ಬರ್ತಾವು, ಮಧ್ಯಾಹ್ನಕ್ಕ ತಲಿ ಹಿಡೀತೈತಿ. ಹಂಗಾಗಿ ಆ ಒಂದು ವರ್ಷ ನಾ ಸರ್ಕ್ಯೂಟಿನ ಸಲುವಾಗಿ ದುಡದಿದ್ದು ಅರ್ಧಾ, ಸೀನು ತಪ್ಪಿಸ್ಕೊಳ್ಳಾಕ ದುಡದಿದ್ದು ಅರ್ಧಾ.

ಒಂದು ಮಾತು ಮೊದಲ ಹೇಳಿಬಿಡತೇನಿ. ನಾ ಮಾಡೋ ಪೆಟ್ಟಿಗಿಗಳ ಹೊಟ್ಟ್ಯಾಗ ಮೈಕ್ರೋಕಂಟ್ರೋಲರ್ ಅಂತ ಒಂದು ಚಿಪ್ಪು ಇರ್ತೈತಿ. ಹೇಳಿಕೊಟ್ಟಷ್ಟು ಕೆಲಸ ಮಾಡ್ಕೋಂತ ಇರೋ ಬಡ ಪ್ರಾಣಿ ಅದು. ಆದ್ರ ಬ್ಯಾಟರಿ ಒಂದು ಕ್ಷಣ ಬಗ್ಗಿ ಶಕ್ತಿ ಇಳೀತಂದ್ರ ಸಾಕು, ಎಲ್ಲಾ ಮರತು ಮೊದಲಿಂದ ಚಾಲೂ ಮಾಡತೈತಿ. ಇದಕ್ಕ ರಿಸೆಟ್ ಅಂತಾರ. ಮಧ್ಯಾಹ್ನ ನಿದ್ದಿ ಮಾಡಿ ಎದ್ದ ಮುದುಕರು "ಈಗ ಹೊತ್ತು ಹುಟ್ಟೇತೋ ಮುಳಗಾಕತ್ತೈತೋ" ಅಂತ ಕೇಳ್ತಾರಲ್ಲ, ಹಂಗ.

ಪ್ರಾರ್ಥನಿ ಮುಗೀಲಾರದ ಸಾಲಿ

ನನ್ನ ಮೊದಲನೇ ಗಿರಾಕಿ ಶಿರೂರ ಕಡೆ ಒಂದು ಸಾಲಿ ಹೆಡ್‌ಮಾಸ್ತರು. ಗಂಟಿ ಹೊಡಿಯೋ ಜವಾನ ರಿಟೈರ್ ಆಗಿದ್ದ. ಹೊಸಬ ಬಂದಿರಲಿಲ್ಲ. ಕರೆಂಟ್ ಅಂತೂ ನಂಬೋ ಹಂಗ ಇರಲಿಲ್ಲ. "ಬ್ಯಾಟರಿ ಮ್ಯಾಲೆ ತಾನ ಗಂಟಿ ಹೊಡಿಯೋದು ಒಂದು ಮಾಡಿ ಕೊಡ್ರಿ" ಅಂದ್ರು.

ಭಾಳ ಹುರುಪಿಲೆ ಮಾಡಿದ್ನಿ. ಮುಂಜಾನೆ ಸ್ವಿಚ್ ಹಾಕಿದ್ರ ಮೊದಲ ಪ್ರಾರ್ಥನಿಗೆ ಟಿಣ್ ಟಿಣ್ ಅಂತ ಸಣ್ಣ ದನಿ. ಆಮ್ಯಾಲೆ ಮುಕ್ಕಾಲು ತಾಸಿಗೊಮ್ಮೆ, ಒಂದು ಪಿರೇಡ್ ಮುಗೀತು ಅಂತ ಊರಿಗೆಲ್ಲಾ ಕೇಳೋ ಹಂಗ ದೊಡ್ಡ ಹಾರ್ನು. ಅಂಗಡ್ಯಾಗ ಹಾರ್ನ್ ತಗದು, ಅದರ ಜಾಗಾಕ್ಕ ಒಂದು ಸಣ್ಣ ದೀಪ ಹಚ್ಚಿ ಎರಡು ದಿನ ನಡಿಸಿ ನೋಡಿದ್ನಿ. ಆಜೂಬಾಜೂದವರು ಹಾರ್ನ್ ಕೇಳಿ ನನಗ ಬಡದಾರು ಅಂತ ಹೆದರಿಕಿ. ಚಲೋ ನಡೀತು. ಒಯ್ದು ಕುಂಡ್ರಿಸಿ ಬಂದ್ನಿ.

ಮರುದಿನ ಮಧ್ಯಾಹ್ನ ಹೆಡ್‌ಮಾಸ್ತರ ಫೋನ್ ಬಂತು. "ನಿಮ್ಮ ಗಂಟಿ ಭಾಳ ಭಕ್ತಿವಂತ ಐತ್ರಿ."

"ಯಾಕ್ರಿ ಸರ?"

"ಮುಂಜಾನಿಂದ ನಾಕು ಸಲ ಪ್ರಾರ್ಥನಿ ಆತ್ರಿ."

ಆಗಿದ್ದು ಇಷ್ಟ. ಪಿರೇಡ್ ಮುಗದಾಗ ಆ ದೊಡ್ಡ ಹಾರ್ನು ಬ್ಯಾಟರಿಯೊಳಗಿನ ಶಕ್ತಿ ಎಲ್ಲಾ ಒಮ್ಮೆಲೆ ಎಳಕೋತಿತ್ತು. ಬ್ಯಾಟರಿ ಬಗ್ಗತಿತ್ತು. ಚಿಪ್ಪು ಬೆಚ್ಚಿ ಬಿದ್ದು ಎಲ್ಲಾ ಮರತು, ಈಗ ಮುಂಜಾನೆ ಆತು ಅಂತ ತಿಳದು ಪ್ರಾರ್ಥನಿ ಗಂಟಿ ಹೊಡೀತಿತ್ತು. ಹುಡುಗೂರು ಶಿಸ್ತಿನವರು. ಗಂಟಿ ಆತಂದ್ರ ಮುಗೀತು, ಓಡಿ ಬಂದು ಸಾಲು ಹಚ್ಚಿ, ಕೈ ಮುಗದು ನಿಲ್ಲತಿದ್ರು.

ಸಂಜಿ ಒಳಗ ಹೋಗಿ ಹಾರ್ನಿಗೆ ಬ್ಯಾರೆ ಬ್ಯಾಟರಿ, ಚಿಪ್ಪಿಗೆ ಬ್ಯಾರೆ ಬ್ಯಾಟರಿ ಹಾಕಿ ಜಗಳಾ ಬಿಡಿಸಿದ್ನಿ. "ಹುಡುಗೂರಿಗೆ ಭಾಳ ತ್ರಾಸ ಆತೇನ್ರಿ ಸರ?" ಅಂತ ಕೇಳಿದ್ನಿ.

"ಹುಡುಗೂರಿಗೇನು ತ್ರಾಸ? ಪ್ರಾರ್ಥನಿ ಆದ ಮ್ಯಾಲೆ ಮೊದಲನೇ ಪಿರೇಡ್ ಕನ್ನಡ ಅಲ್ರಿ? ನಾಕು ಸಲ ಅದ ಪಾಠ ಮಾಡಿ ಕನ್ನಡ ಮಾಸ್ತರ ಗಂಟಲ ಬಿದ್ದು ಹೋಗೇತಿ. ಗಣಿತದವರು ಮುಂಜಾನಿಂದ ಕೈಯಾಗ ಸೀಮಿಸುಣ್ಣ ಹಿಡಕೊಂಡು ಬಾಗಲದಾಗ ನಿಂತಾರ!"

ಮುತ್ಯಾನ ರೇಡಿಯೋ

ಗಂಟಿ ಪೆಟ್ಟಿಗಿ ಇನ್ಯಾರಿಗೂ ಬೇಕಾಗಲಿಲ್ಲ. ನಮ್ಮಪ್ಪ ವಾರಕ್ಕೊಮ್ಮೆ ಫೋನ್ ಮಾಡಿ "ಗಲ್ಲಾ ಒರಸಿ ಇಟ್ಟೇನಿ" ಅಂತ ಅಷ್ಟ ಹೇಳಿ ಇಡತಿದ್ದ. ಅವಾಗ ನನಗ ಹೊಳದಿದ್ದು ಲಾಳಿ ಎಣಿಸೋ ಪೆಟ್ಟಿಗಿ.

ಸೀರಿ ನೇಯೋವಾಗ ಇಷ್ಟು ಸಲ ಲಾಳಿ ಹಾಯಿಸಿದ ಮ್ಯಾಲೆ ಸೆರಗು ಹಿಡೀಬೇಕು ಅಂತ ಲೆಕ್ಕ ಇರ್ತೈತಿ. ನೇಕಾರರು ಬಾಯಾಗ ಎಣಿಸಿಕೋಂತ ಕುಂಡರ್ತಾರ. ನಡಕ ಯಾರರೆ "ಊಟ ಆತೇನ್ರಿ?" ಅಂದ್ರ ಸಾಕು, ಲೆಕ್ಕ ಹಾರಿ ಹೊಕ್ಕೈತಿ. ಆಮ್ಯಾಲೆ ನೇಯ್ದದ್ದನ್ನ ಉಗುರಿಲೆ ಒಂದೊಂದು ಎಳಿ ಎಣಿಸಬೇಕು. ನನ್ನ ಪೆಟ್ಟಿಗಿ ಮಗ್ಗಕ್ಕ ಕಟ್ಟಿದ್ರ, ಲಾಳಿ ಒಮ್ಮೆ ಹಾಯ್ದರ ಒಂದು ಅಂಕಿ ಏರ್ತೈತಿ. ಎರಡು ದಪ್ಪ ಸೆಲ್ ಹಾಕಿದ್ರ ತಿಂಗಳಾನುಗಟ್ಟಲೆ ನಡೀತೈತಿ.

ಮೊದಲನೇದನ್ನ ಗುಡೂರಿನ ಒಬ್ಬ ನೇಕಾರರ ಮನ್ಯಾಗ ಕಟ್ಟಿದ್ನಿ. ಮೂರನೇ ದಿನ ಅವರು ಬಂದು, "ದಿನಾ ಮುಂಜಾನೆ ಸೊನ್ನಿ ತೋರಸತೈತ್ರಿ" ಅಂದ್ರು.

ತಂದು ಬಿಚ್ಚಿದ್ನಿ. ಬೆಸುಗಿ ನೋಡಿದ್ನಿ, ಸೆಲ್ಲಿನ ಸ್ಪ್ರಿಂಗ್ ತಿಕ್ಕಿದ್ನಿ, ಚಿಪ್ಪ ಬದಲಿ ಮಾಡಿದ್ನಿ. ಅಂಗಡ್ಯಾಗ ಎಂಟು ದಿನ ಇಟ್ನಿ, ಒಂದು ಅಂಕಿ ತಪ್ಪಲಿಲ್ಲ. ಗುಡೂರಿಗೆ ಒಯ್ದ್ನಿ, ಮರುದಿನ ಸೊನ್ನಿ. ಮತ್ತ ತಂದ್ನಿ, ಮತ್ತ ಒಯ್ದ್ನಿ. ಬಸ್ ಕಂಡಕ್ಟರ್ ನನ್ನ ಕೈಯಾಗಿನ ಪೆಟ್ಟಿಗಿಗಿ "ಏನ್ ಯಜಮಾನ್ರು, ಆರಾಮ ಅದಾರಾ?" ಅಂತ ಕೇಳಾಕ ಹತ್ತಿದ.

ಒಂದು ದಿನ ಕಡೀ ಬಸ್ ತಪ್ಪಿ ಅವರ ಮನಿ ಕಟ್ಟಿ ಮ್ಯಾಲೆ ಕುಂತಿದ್ನಿ. ಮುಚ್ಚಂಜಿ ಹೊತ್ತು. ನೇಕಾರರ ತಂದಿ, ಎಂಬತ್ತು ದಾಟಿದ ಮುತ್ಯಾ, ಕೋಲು ಊರಕೋಂತ ಬಂದ. ಮಗ್ಗದ ಹತ್ರ ಹೋಗಿ ಪೆಟ್ಟಿಗಿ ಮುಚ್ಚಳ ತಗದ. ಎರಡೂ ಸೆಲ್ ಬಿಚ್ಚಿ ತನ್ನ ರೇಡಿಯೋಕ್ಕ ಹಾಕ್ಕೊಂಡ. ರೈತರ ಕಾರ್ಯಕ್ರಮ ಕೇಳಿದ, ವಾರ್ತೆ ಕೇಳಿದ. ಎಲ್ಲಾ ಮುಗದ ಮ್ಯಾಲೆ ಭಾಳ ಜ್ವಾಕಿಲೆ ಸೆಲ್ ತಂದು ಪೆಟ್ಟಿಗ್ಯಾಗ ಹೊಳ್ಳಿ ಹಾಕಿ ಮುಚ್ಚಳ ಹಾಕಿದ.

ನನ್ನ ಮೈಯೆಲ್ಲಾ ಉರೀತು. ನಾಕು ಸಲ ಬಾಗಲಕೋಟಿಗೆ ಹೊತ್ತು ತಿರುಗೇನಿ ನಾ! ಎದ್ದು ನಿಂತು, "ಮುತ್ಯಾ, ಏನ್ ಮಾಡಾಕತ್ತಿ?" ಅಂದ್ನಿ.

ಮುತ್ಯಾ ತಿರುಗಿ ನೋಡಿದ. "ಈ ಪೆಟ್ಟಿಗಿ ಮಾಡಿದವ ನೀನ ಏನು? ಚಲೋ ಆತು ಸಿಕ್ಕಿ. ಎಂಥ ಹಲಕಟ್ ಸೆಲ್ ಹಾಕೀದೋ ಮಾರಾಯಾ! ವಾರ್ತೆ ಮುಗಿಯೋದ್ರಾಗ ರೇಡಿಯೋ ಗೊರ್ ಅಂತೈತಿ. ನಾಳೆ ಹೊಸಾವು ತಗೊಂಡು ಬಾ!"

ಒಂದು ಚಹಾದ ಔಷಧ

ಬಾದಾಮಿಯೊಳಗ ಒಬ್ಬರು ಡಾಕ್ಟರ ದವಾಖಾನಿಗಿ ಪಾಳಿ ನಂಬರ್ ತೋರಿಸೋ ಬೋರ್ಡ್ ಮಾಡಿ ಕೊಟ್ಟಿದ್ನಿ. ಕಂಪೌಂಡರ್ ಗುಂಡಿ ಒತ್ತಿದ್ರ ಮುಂದಿನ ನಂಬರ್ ಬರ್ತೈತಿ. ಸೆಲ್ ಮ್ಯಾಲೆ ನಡೀತಿತ್ತು. ಆದ್ರ ಸೆಲ್ ಬದಲಿ ಮಾಡಿದಾಗೊಮ್ಮೆ ಎಲ್ಲಾ ಗೆರಿ ಹತ್ತಿ, 888 ಅಂತ ಬಂದು ಅಲ್ಲೇ ನಿಂತು ಬಿಡತಿತ್ತು.

ಅದಕ್ಕ ಕಾರಣ ಕಂಪೌಂಡರನ ಕೈ. ಇಂಜೆಕ್ಷನ್ ಮಾಡಿ ಮಾಡಿ ಚುರುಕಾದ ಕೈ. ಹಳೇ ಸೆಲ್ ತಗದು ಹೊಸಾದು ಹಾಕೋದು ಕಣ್ಣು ಮುಚ್ಚಿ ತಗಿಯೋದ್ರಾಗ ಮುಗೀತಿತ್ತು. ಸೆಲ್ ತಗದ್ರೂ ಒಳಗ ಕೆಪಾಸಿಟರಿನ್ಯಾಗ ಒಂದೀಟು ಶಕ್ತಿ ಉಳದಿರ್ತೈತಿ. ಅದು ಇಳಿಯೋ ತನಕ ಚಿಪ್ಪು ಸಾಯಂಗೂ ಇಲ್ಲ, ಬದಕಂಗೂ ಇಲ್ಲ. ಅಂಥಾದ್ರಾಗ ಹೊಸ ಸೆಲ್ ಬಂದು ಕುಂತ್ರ ಗೊಂದಲ ಆಗಿ 888 ಅಂತ ಕಣ್ಣು ಬಿಡತಿತ್ತು.

ಅವತ್ತ ನನಗ ಬಾದಾಮಿಗೆ ಹೋಗಾಕ ಆಗಿರಲಿಲ್ಲ. ಫೋನಿನ್ಯಾಗ ಕಂಪೌಂಡರಗ ಹೇಳಿದ್ನಿ: "ಸೆಲ್ ಎಲ್ಲಾ ಬಿಚ್ಚಿ ಇಡ್ರಿ. ಅದನ್ನ ಮುಟ್ಟಬ್ಯಾಡ್ರಿ. ಹೋಗಿ ಒಂದು ಚಹಾ ಕುಡದು ಬರ್ರಿ. ಆಮ್ಯಾಲೆ ಹಾಕ್ರಿ."

ಹಾಕಿದ. ನಡೀತು. "ಭಾರಿ ಔಷಧ ಹೇಳಿದ್ರಿ ಸರ" ಅಂದ.

ಹದಿನೈದು ದಿನದ ಮ್ಯಾಲೆ ಡಾಕ್ಟರ ಫೋನ್. ದನಿ ಕೇಳಿದ್ರ ಬಿಪಿ ಏರಿದ್ದು ಗೊತ್ತಾಗತಿತ್ತು. "ನಮ್ಮ ಕಂಪೌಂಡರಗ ಏನ್ ಹೇಳಿಕೊಟ್ಟೀರಿ?"

"ಬೋರ್ಡ್ ನಿಂತ್ರ ಒಂದು ಚಹಾ ಕುಡದು ಬಂದು ಚಾಲೂ ಮಾಡು ಅಂದೇನ್ರಿ."

"ಬೋರ್ಡಿಂದು ಬಿಡ್ರಿ. ನಿನ್ನಿ ಒಬ್ಬಾಕಿ ತಲಿ ತಿರುಗತೈತಿ ಅಂತ ಬಂದಿದ್ಳು. ಮೊನ್ನಿ ಒಬ್ಬಾಂವ ಎದಿ ಢವಢವ ಅಂತೈತಿ ಅಂತ ಬಂದಿದ್ದ. ಇಬ್ಬರಿಗೂ ಈ ನಮ್ಮ ಕಂಪೌಂಡರ್, 'ಸುಮ್ನ ಕುಂಡ್ರಿ, ಏನೂ ಮುಟ್ಟಬ್ಯಾಡ್ರಿ, ಒಂದು ಚಹಾ ಕುಡೀರಿ, ಆಮ್ಯಾಲೆ ಎದ್ದು ನೋಡ್ರಿ' ಅಂದಾನ. ಇಬ್ಬರೂ ಆರಾಮಾಗಿ, ನನ್ನ ಮಾರಿ ಸುದ್ದಾ ನೋಡ್ದ ಮನಿಗಿ ಹೋಗ್ಯಾರ್ರಿ!"

ಇಳಕಲ್ಲಿನ ಅಮಾಸಿ

ವರ್ಷ ಮುಗಿಯಾಕ ನಾಕು ತಿಂಗಳ ಉಳದಿದ್ದು. ಇಳಕಲ್ಲಿನ ಒಂದು ನೇಕಾರರ ಸಂಘದ ಅಧ್ಯಕ್ಷರು ನನ್ನ ಲಾಳಿ ಪೆಟ್ಟಿಗಿ ನೋಡಿ ಮೆಚ್ಚಿದ್ರು. "ಮೊದಲ ಹನ್ನೆರಡು ಮನ್ಯಾಗ ಕಟ್ಟಿ ಹೋಗ್ರಿ. ಚಲೋ ನಡದ್ರ ಇನ್ನೂರು ಮಗ್ಗಕ್ಕ ತಗೋತೇವಿ" ಅಂದ್ರು. ಇನ್ನೂರು! ಬಸ್ಸಿನ್ಯಾಗ ನಕ್ಕೋಂತ ಬಂದ್ನಿ. ಬಾಜೂಕ ಕುಂತವ ಎದ್ದು ಬ್ಯಾರೆ ಸೀಟಿಗೆ ಹೋದ.

ಮುತ್ಯಾನಿಂದ ಪಾಠ ಕಲತು ಮುಚ್ಚಳಕ್ಕ ಸ್ಕ್ರೂ ಹಾಕಿದ್ನಿ. ಪೆಟ್ಟಿಗಿ ಎದುರಿಗೆ, ಅಂಕಿ ಮ್ಯಾಲೆ ನಟ್ಟನಡಕ ಒಂದು ಸಣ್ಣ ತೂತು ಬಿಟ್ಟಿದ್ನಿ. ಹೊಸ ಸೀರಿ ಚಾಲೂ ಮಾಡೋವಾಗ ಅದರೊಳಗ ಸೂಜಿ ಹಾಕಿ ಒತ್ತಿದ್ರ ಲೆಕ್ಕ ಸೊನ್ನಿ ಆಗಬೇಕು. ಒಂದು ದಿನ ನಡೀತು, ಹತ್ತು ದಿನ ನಡೀತು, ಹದಿನೈದು ದಿನ ನಡೀತು. ಹದಿನಾರನೇ ದಿನ ಅಧ್ಯಕ್ಷರ ಫೋನ್ ಬಂತು.

"ಇವತ್ತ ಅಮಾಸಿರಿ. ನಿಮ್ಮ ಪೆಟ್ಟಿಗಿ ಕಣ್ಣು ಮುಚ್ಚ್ಯಾವು."

"ಎಷ್ಟು?"

"ಹನ್ನೆರಡೂ."

ಮರುದಿನ ಓಡಿ ಹೋದ್ನಿ. ಹನ್ನೆರಡೂ ಚಾಲೂ ಇದ್ದು! ಆದ್ರ ಎಲ್ಲಾದ್ರಾಗೂ ಲೆಕ್ಕ ಸೊನ್ನಿ. ಅರ್ಧಾ ಸೀರಿ ನೇಯ್ದವರು ಉಗುರಿಲೆ ಎಳಿ ಎಣಿಸಿಕೋಂತ, ನನ್ನ ಕಡೆ ಕೆಕ್ಕರಿಸಿ ನೋಡಿಕೋಂತ ಕುಂತಿದ್ರು. "ಅಮಾಸಿ ಪ್ರಭಾವರಿ ಅದು" ಅಂದ್ರು ಅಧ್ಯಕ್ಷರು. ನಾ ವಿಜ್ಞಾನ ಓದಿದವ. ನಕ್ಕು ಬಿಟ್ನಿ.

ಎರಡನೇ ಅಮಾಸಿಗೂ ಹನ್ನೆರಡೂ ಮಲಗಿದ್ದು. ಈ ಸಲ ನಗು ಬರಲಿಲ್ಲ. ಮರುದಿನ ಹೋದ್ರ ಮತ್ತ ಎಲ್ಲಾ ಎದ್ದು ಕುಂತು ಸೊನ್ನಿ ತೋರಸಾಕತ್ತಿದ್ದು. ಅಂಗಡಿಗೆ ಬಂದು ಒಂದು ಪಂಚಾಂಗ ತಂದು ಬೆಸುಗಿ ಟೇಬಲ್ ಮ್ಯಾಲೆ ತೂಗಹಾಕಿದ್ನಿ. ದಿನಾ ತಿಥಿ ನೋಡೋದು, ಪೆಟ್ಟಿಗಿ ನೋಡೋದು. ಒಬ್ಬಾಂವ ಕೆಟ್ಟ ಟಾರ್ಚ್ ತಂದಾವ ಪಂಚಾಂಗ ನೋಡಿ, ನನ್ನ ನೋಡಿ, "ಮಗಳ ಲಗ್ನಕ್ಕ ಒಂದು ಚಲೋ ದಿನ ಹೇಳ್ರಿ" ಅಂತ ಕುಂತ. ಟಾರ್ಚ್ ರಿಪೇರಿ ಮಾಡಿ ಕೊಟ್ರೂ ಏಳಲಿಲ್ಲ. ಕಡೀಕ ಒಂದು ದಿನ ಹೇಳಿ ಕಳಿಸಿದ್ನಿ.

ಅಧ್ಯಕ್ಷರು ಕಡೀ ಮಾತು ಹೇಳಿಬಿಟ್ರು: "ಇನ್ನೆರಡು ಅಮಾಸಿ ನೋಡ್ತೇವಿ. ಅಷ್ಟರಾಗ ನೆಟ್ಟಗ ಆಗಲಿಲ್ಲಂದ್ರ ಹನ್ನೆರಡೂ ಚೀಲದಾಗ ಹಾಕ್ಕೊಂಡು ಹೋಗಿಬಿಡ್ರಿ."

ಮೂರನೇ ಅಮಾಸಿ ದಿನ ಮುಂಜಾನೆ ಮೊದಲನೇ ಬಸ್ಸಿಗೆ ಹೋಗಿ ಒಬ್ಬ ನೇಕಾರರ ಮನ್ಯಾಗ ಕುಂತ್ನಿ. ಕಣ್ಣೀಲೆ ನೋಡೇ ಬಿಡೂಣು ಅಂತ. ಅಮಾಸಿ ದಿನ ಅಲ್ಲೆ ಮಗ್ಗಕ್ಕ ರಜಾ. ಮನಿ ಯಜಮಾನ್ತಿ ಜಳಕಾ ಮಾಡಿ ಬಂದು, ಒದ್ದಿ ಅರಿವೀಲೆ ಮಗ್ಗ ಒರಸಿದ್ಳು. ಲಾಳಿ ಒರಸಿದ್ಳು. ಆಮ್ಯಾಲೆ ನನ್ನ ಪೆಟ್ಟಿಗಿ ಒರಸಿದ್ಳು. ನೀರಾಗ ಕಲಸಿದ ವಿಭೂತಿ ಮೂರು ಬೆರಳಿಗೆ ಹಚಗೊಂಡು ಪೆಟ್ಟಿಗಿಗಿ ಅಡ್ಡ ಎಳದ್ಳು. ಅದರ ನಟ್ಟನಡಕ, ಆ ತೂತಿನ ಮ್ಯಾಲೆ, ಒದ್ದಿ ಕುಂಕುಮ ಒತ್ತಿ ಇಟ್ಳು. ಅಂಕಿ ಪಟ್ಟನೆ ಆರಿ ಹೋದ್ವು.

ನಾ ಹಣಿ ಹಣಿ ಬಡಕೊಂಡ್ನಿ. ತಪ್ಪು ಆ ಅಕ್ಕಂದಲ್ಲ, ಕುಂಕುಮದ್ದಲ್ಲ, ನಂದ. ಚಿಪ್ಪಿಗೆ ರಿಸೆಟ್ ಅಂತ ಒಂದು ತಂತಿ ಕಾಲು ಇರ್ತೈತಿ, ತೂತಿನ ಹಿಂದಿನ ಗುಂಡಿ ಅದಕ್ಕ ಜೋಡಿಸಿದ್ನಿ. ಅದರಾಗಿನ ಕರೆಂಟ್ ಒತ್ತಡ ಮ್ಯಾಲೆ ಹಿಡದಿರಬೇಕು. ಕೆಳಗ ಜಗ್ಗಿದ್ರ ಚಿಪ್ಪು ಎಲ್ಲಾ ಬಿಟ್ಟು ಮಲಗತೈತಿ. ಬ್ಯಾಟರಿ ಉಳಸಬೇಕು ಅಂತ ನಾ ಆ ಕಾಲನ್ನ ಎಷ್ಟು ಬಡಕಲ ಹಿಡಿತದಾಗ ಇಟ್ಟಿದ್ನಿ ಅಂದ್ರ, ಒಂದು ಹನಿ ತ್ಯಾವ ತಾಗಿದ್ರೂ ಕೆಳಗ ಬರ್ತಿತ್ತು. ಕುಂಕುಮ ಒಣಗೋ ತನಕ ಮಲಗೋದು, ಒಣಗಿದ ಮ್ಯಾಲೆ ಸೊನ್ನಿಯಿಂದ ಏಳೋದು. ನಾ ಮರುದಿನ ಬರೋದ್ರಾಗ ಎಲ್ಲಾ ಒಣಗಿ ಸಂಭಾವಿತ ಆಗಿರ್ತಿದ್ದು. ಹನ್ನೆರಡು ಮನಿ ಹೆಣ್ಮಕ್ಕಳಿಗೂ ಆ ತೂತು ಕಂಡ ಕೂಡ್ಲೇ ಇದ ಹಣಿ ಅಂತ ಅನಿಸಿತ್ತು.

ಹನ್ನೆರಡನ್ನೂ ತಂದ್ನಿ. ರಿಸೆಟ್ ಕಾಲಿಗೆ ಗಟ್ಟಿ ಹಿಡಿತ ಕೊಟ್ನಿ, ಗುಂಡಿ ಹಿಂದಿನ ಮಗ್ಗಲಕ ಒಯ್ದು ತೂತು ಮೇಣ ತುಂಬಿ ಮುಚ್ಚಿದ್ನಿ, ಸೆಲ್ ಬಿಚ್ಚಿದ್ರೂ ಲೆಕ್ಕ ಮರೀದಂಗ ಮಾಡಿದ್ನಿ. ಕೊಡಾ ನೀರಿಗೆ ಕುಂಕುಮ ಕಲಸಿ ಮ್ಯಾಲೆ ಸುರುವಿ ನೋಡಿದ್ನಿ. ಅಲುಗಾಡಲಿಲ್ಲ.

ನಾಕನೇ ಅಮಾಸಿ ಬಂತು. ನಮ್ಮಪ್ಪ ಕೊಟ್ಟ ವರ್ಷನೂ ಅದ ವಾರ ಮುಗೀತಿತ್ತು. "ನಾನೂ ಬರ್ತೇನಿ, ಕಣ್ಣೀಲೆ ನೋಡ್ತೇನಿ" ಅಂದು ಹುನಗುಂದದಾಗ ನನ್ನ ಬಸ್ಸ ಹತ್ತಿದ. ಒಗದ ಧೋತ್ರ, ಸೊಂಟದಾಗ ಅಂಗಡಿ ಕೀಲಿ ಗೊಂಚಲ. ದಾರಿಯುದ್ದಕ್ಕೂ ಆ ಕೀಲಿ ಝಣಝಣ ಅಂದಂಗೊಮ್ಮೆ ನನಗ ಸೀನು ಬರ್ತಿತ್ತು.

ಅದ ಮನಿಗಿ ಹೋದ್ವಿ. ಅಕ್ಕ ಮಗ್ಗ ಒರಸಿದ್ಳು, ವಿಭೂತಿ ಎಳದ್ಳು, ಕುಂಕುಮ ಇಟ್ಳು. ಪೆಟ್ಟಿಗಿ ಅಂಕಿ ಹಂಗ ನಿಗಿನಿಗಿ ಹೊಳೀತಿದ್ದು. ನಾ ಎದಿ ಉಬ್ಬಿಸಿ ನಮ್ಮಪ್ಪನ ಕಡೆ ನೋಡಿದ್ನಿ. ನಮ್ಮಪ್ಪ ತಲಿ ಅಲ್ಲಾಡಿಸಿದ. ಗೆದ್ನಿ ಅಂದ್ಕೊಂಡ್ನಿ.

ಅಕ್ಕನ ಮಾರಿ ಸಣ್ಣದಾತು. "ಅಣ್ಣಾರ, ಇದಕ್ಕೇನಾತ್ರಿ?"

"ಏನೂ ಆಗಿಲ್ರಿ ಅಕ್ಕಾರ. ಈಗ ನೆಟ್ಟಗಾಗೇತಿ."

"ಎಲ್ಲಿ ನೆಟ್ಟಗ್ರಿ? ಪೂಜಿ ಮಾಡಿದ್ರೂ ಕಣ್ಣ ಮುಚ್ಚವಲ್ದಲ್ಲ! ಮಗ್ಗಕ್ಕ ರಜಾ, ಲಾಳಿಗಿ ರಜಾ, ನಮ್ಮ ಕೈಗೂ ರಜಾ. ಇದೊಂದು ಪಿಳಿಪಿಳಿ ಕಣ್ಣು ಬಿಟಗೊಂಡು ಕುಂತ್ರ ಮನಿಗಿ ಚಲೋ ಅಲ್ರಿ."

"ಅಕ್ಕಾರ, ಇದು ನಿಂತು ಹೊಕ್ಕೈತಿ ಅಂತ ಬೈದವರು ನೀವ ಅಲ್ರಿ?"

"ನಿಂತಿದ್ದಕ್ಕ ಯಾರು ಬೈದ್ರು? ಎದ್ದ ಮ್ಯಾಲೆ ಲೆಕ್ಕ ಮರೀತಿತ್ತಲ್ಲ, ಅದಕ್ಕ ಬೈದಿದ್ವಿ!"

ಮಧ್ಯಾಹ್ನದೊಳಗ ಹನ್ನೆರಡು ಮನಿ ಹೆಣ್ಮಕ್ಕಳೂ ಸಂಘದ ಆಫೀಸಿನ ಮುಂದ ನಿಂತಿದ್ರು. ಎಲ್ಲಾರದೂ ಒಂದ ತಕರಾರು, ಅಮಾಸಿ ಮುರೀತು ಅಂತ. ಅಧ್ಯಕ್ಷರು ಕೈ ಚೆಲ್ಲಿದ್ರು. "ಹೆಣ್ಮಕ್ಕಳು ಬ್ಯಾಡ ಅಂದ ಮ್ಯಾಲೆ ನಂದೇನು ನಡೀತೈತ್ರಿ? ಚೀಲಾ ತಂದೀರೇನು?"

ನಾ ರಿಸೆಟ್ ಕಾಲು, ಹಿಡಿತ, ತ್ಯಾವ ಅಂತೆಲ್ಲಾ ಹೇಳಾಕ ಹೊಂಟ್ನಿ. ಯಾರೂ ಕೇಳಲಿಲ್ಲ. ಮುಗೀತು ಅನಿಸ್ತು. ಕಣ್ಣ ಮುಂದ ಗೊಬ್ಬರದ ಚೀಲ ಬಂದ್ವು. ಖರೇನ ಅಳು ಬಂದಂಗ ಆತು.

ನಮ್ಮಪ್ಪ ಕೆಮ್ಮಿದ. "ಅಧ್ಯಕ್ಷರ, ಒಂದು ಮಾತು ಕೇಳ್ಲೇನ್ರಿ? ಹಿಂದಿನ ಮೂರು ಅಮಾಸಿ ಇದು ರಜಾ ತಗೊಂಡಿತ್ತೋ ಇಲ್ಲೋ?"

"ತಗೊಂಡಿತ್ರಿ."

"ಹನ್ನೆರಡೂ?"

"ಹನ್ನೆರಡೂ."

"ಅಮಾಸಿ ಬಿಟ್ಟು ಬ್ಯಾರೆ ದಿನ ಒಂದರೆ ನಿಂತಿತ್ತೇನು?"

"ಇಲ್ರಿ."

"ಅಷ್ಟು ಶಿಸ್ತೀಲೆ ಕೆಟ್ಟ ಸಾಮಾನು ನಿಮ್ಮ ಜೀವಮಾನದಾಗ ನೋಡೀರೇನ್ರಿ? ಕೆಟ್ಟದ್ದು ಅಂದ್ರ ಒಂದು ಸೋಮವಾರ ನಿಲ್ತೈತಿ, ಒಂದು ಗುರುವಾರ ನಿಲ್ತೈತಿ. ನಮ್ಮ ಹುಡುಗ ನಿಮ್ಮ ಪದ್ಧತಿ ನೋಡಿ, ತಲಿ ಓಡಿಸಿ ಅದರಾಗ ಅಮಾಸಿ ರಜಾ ಇಟ್ಟಿದ್ದ. ನೀವ 'ರಿಪೇರಿ ಮಾಡು, ರಿಪೇರಿ ಮಾಡು' ಅಂತ ಫೋನಿನ ಮ್ಯಾಲೆ ಫೋನ್ ಮಾಡಿದ್ರಿ. ಪಾಪ, ಗಿರಾಕಿ ಮಾತು ಮೀರಬಾರದು ಅಂತ ತಗದ."

ಆಫೀಸಿನ್ಯಾಗ ಎಲ್ಲಾರೂ ನನ್ನ ಕಡೆ ತಿರುಗಿದ್ರು. ನಾ ಎಂದೂ ಇಲ್ಲದ ಹಂಗ ತಲಿ ಬಗ್ಗಿಸಿದ್ನಿ. ಅದನ್ನ ಅವರು ವಿನಯ ಅಂದ್ಕೊಂಡ್ರು. ಅಧ್ಯಕ್ಷರ ಮಾರಿ ಕೆಂಪಗಾತು. "ಛೇ ಛೇ, ತಪ್ಪು ತಿಳಕೊಂಡ್ವಿ. ಇಂವ ಮೊದಲ ಹೇಳಬಾರದೇನ್ರಿ ಯಜಮಾನ್ರ?"

"ಮಾತು ಕಡಿಮಿ ಅವಂದು," ಅಂದ ನಮ್ಮಪ್ಪ. "ಈಗೇನಾತು? ಹಣಿ ಮ್ಯಾಲೆ ಒಂದು ಗುಂಡಿ ಇಡ್ತಾನ. ಕುಂಕುಮ ಹಚ್ಚಿ ಒತ್ತಿದ್ರ ಮಲಗತೈತಿ. ಮರುದಿನ ಒತ್ತಿದ್ರ ಬಿಟ್ಟ ಲೆಕ್ಕಕ್ಕ ಎದ್ದು ಕುಂಡರ್ತೈತಿ. ಆಕ್ಕೈತಲ್ಲೋ ತಮ್ಮಾ?"

"ಆಕ್ಕೈತಿ" ಅಂದ್ನಿ. ಖರೇನ ಆಗತಿತ್ತು. ಚಿಪ್ಪಿಗೆ ಲೆಕ್ಕ ನೆನಪಿಟ್ಟು ಮಲಗೋದು ಬರ್ತೈತಿ, ಹೇಳಿಕೊಡಬೇಕು ಅಷ್ಟ.

"ಹಂಗಾರ ಇನ್ನೂರಕ್ಕೂ ಆ ಗುಂಡಿ ಇರಲಿ" ಅಂದ್ರು ಅಧ್ಯಕ್ಷರು. ಹೆಣ್ಮಕ್ಕಳು ಒಪ್ಪಿ ಮನಿಗಿ ಹೋದ್ರು.

ಬಸ್ಸಿನ್ಯಾಗ ನನಗ ತಡಕೊಳ್ಳಾಕ ಆಗಲಿಲ್ಲ. "ಯಪ್ಪಾ, ಅದನ್ನ ನಾ ಬೇಕಂತ ಇಟ್ಟಿರಲಿಲ್ಲ. ಅದು ನನ್ನ ತಪ್ಪಿತ್ತು."

"ಗೊತ್ತೈತಿ ಬಿಡೋ. ಅದು ನಿಂತಾಗೊಮ್ಮೆ ನೀ ಫೋನಿನ್ಯಾಗ ಅಳತಿದ್ದೆಲ್ಲ," ಅಂದ. "ಲೇ, ನಾ ಹುಟ್ಟಾ ವ್ಯಾಪಾರಸ್ಥ. ಬೆಳಿ ಬಂದ್ರ ನನ್ನ ಗೊಬ್ಬರ ಚಲೋ, ಬರಲಿಲ್ಲಂದ್ರ ಮಳಿ ತಪ್ಪು ಅಂತ ಹೇಳಿಕೋಂತ ಬಂದೇನಿ. ನಿನಗ ಪೆಟ್ಟಿಗಿ ಮಾಡಾಕ ಬರ್ತೈತಿ, ಮಾತಾಡಾಕ ಬರಂಗಿಲ್ಲ. ನೀ ನನ್ನ ಗಲ್ಲಾ ಮ್ಯಾಲೆ ಕುಂಡ್ರೋದು ಬ್ಯಾಡ. ವಾರಕ್ಕೆರಡು ದಿನ ನಾನ ಬಂದು ನಿನ್ನ ಅಂಗಡ್ಯಾಗ ಕುಂಡರ್ತೇನಿ."

ಹುನಗುಂದದಾಗ ಇಳದು ಹೋದ. ನಾ ಬಾಗಲಕೋಟಿ ತನಕ ಕಿಡಕಿ ಕಡೆ ಮಾರಿ ಮಾಡಿ ಕುಂತ್ನಿ. ಕಣ್ಣೊಳಗ ಏನೋ ತ್ಯಾವ ಆಗಿತ್ತು, ಬಾಜೂದವರಿಗೆ ಕಾಣಬಾರದಿತ್ತು.

ಹೇಳಿದಂಗ ಮುಂದಿನ ವಾರ ಬಂದ. ಕುರ್ಚಿ ಮ್ಯಾಲೆ ಕುಂತು ಇನ್ನೂ ಟೊಪಗಿ ತಗದಿರಲಿಲ್ಲ, ಒಬ್ಬ ಕಾಳಿನ ವ್ಯಾಪಾರಿ ಬ್ಯಾಟರಿ ತಕ್ಕಡಿ ಹೊತ್ಕೊಂಡು ಬಂದು ಧಡಕ್ಕನ ಟೇಬಲ್ ಮ್ಯಾಲೆ ಇಟ್ಟ. "ಮುಂಜಾನಿಂದ ಮಾತಾಡವಲ್ದ್ರಿ ಇದು, ಕೆಟ್ಟ ಹೋಗೇತಿ."

ನಾ ಸ್ಕ್ರೂಡ್ರೈವರಿಗೆ ಕೈ ಹಾಕಿದ್ನಿ. ನಮ್ಮಪ್ಪ ನನ್ನ ಕೈ ಹಿಡದ. ತಕ್ಕಡಿ ಕಡೆ ಒಮ್ಮೆ ನೋಡಿದ, ಗ್ವಾಡಿ ಮ್ಯಾಲಿನ ಪಂಚಾಂಗದ ಕಡೆ ಒಮ್ಮೆ ನೋಡಿದ. ವ್ಯಾಪಾರಿಗೆ ಭಾಳ ಮರ್ಯಾದಿಲೆ ಹೇಳಿದ:

"ಕೆಟ್ಟಿಲ್ರಿ. ಇವತ್ತ ಏಕಾದಶಿ. ಉಪವಾಸ ಐತಿ."